ನಾನು ಅಳಿಸಿದ ನೀಲಿ ಬಣ್ಣ

ಮಾವಶಿ, ನಿಮ್ಮ ಬ್ಲಾಗಿಗೆ ಓದುಗರು ಬರುವುದು ತಾನಾಗಿ ನಿಲ್ಲಲಿಲ್ಲ — ನಿಲ್ಲಿಸಿದವಳು ನಾನು, ನಿಮ್ಮ ಅಕ್ಕನ ಮಗಳು. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ.

ಗಡಿಯಾಚೆ, ಮಹಾರಾಷ್ಟ್ರದ ಮ್ಹೈಸಾಳದಲ್ಲಿ ಕೂತು ನೀವು ಕನ್ನಡದಲ್ಲಿ ಬರೆಯುತ್ತಿದ್ದಿರಿ — ಕುರಿಗಳ ಉಣ್ಣೆ ಕತ್ತರಿಸುವ ದಿನದ ಗದ್ದಲ, ಹೊಳೆ ಏರಿದಾಗ ಇಡೀ ಓಣಿಯ ಅಡಿಗೆ ಒಂದೇ ಮಾಳಿಗೆಯ ಮೇಲೆ ಬೆಂದದ್ದು. ಮಿರಜಿನಲ್ಲಿ ಕೂತು ನಾನು ಅದನ್ನೇ ಮರಾಠಿಗೆ ತಂದು ನನ್ನ ಬ್ಲಾಗಿನಲ್ಲಿ ಹಾಕುತ್ತಿದ್ದೆ. ಕೊನೆಗೊಂದು ಸಾಲು, ಮೂಲ ಕನ್ನಡ ಬರಹ ಇಲ್ಲಿದೆ ಎಂದು. ಆ ‘ಇಲ್ಲಿದೆ’ ನೀಲಿಯಾಗಿ, ಅಡಿಗೆರೆಯೊಂದಿಗೆ ಎದ್ದು ಕಾಣುತ್ತಿತ್ತು. ಮುಟ್ಟಿದರೆ ನಿಮ್ಮ ಪುಟ. ನಮ್ಮ ಕಡೆಯವರಿಗೆ ಎರಡೂ ಭಾಷೆ ಬರುತ್ತವಲ್ಲ, ಬಹಳ ಮಂದಿ ಮುಟ್ಟುತ್ತಿದ್ದರು.

ಒಂದು ದಿನ ಸಾಂಗ್ಲಿಯ ಓದುಗರೊಬ್ಬರು ನನ್ನ ಬರಹದ ಕೆಳಗೆ ಬರೆದರು — ಕನ್ನಡದ್ದು ಓದಿದ ಮೇಲೆ ಇದು ಸಪ್ಪೆ ಅನಿಸಿತು, ಎಂದು. ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ಹೊಟ್ಟೆಕಿಚ್ಚಾಯಿತು.

ಅಂದೇ ನನ್ನ ಬ್ಲಾಗಿನ ಟೆಂಪ್ಲೇಟಿನ ಕೋಡ್ ತೆರೆದೆ. ಲಿಂಕಿನ ಬಣ್ಣ ಹೇಳುವ ಸಾಲು ಹುಡುಕಿ, ನೀಲಿಯ ಬದಲು ಉಳಿದ ಅಕ್ಷರಗಳ ಕಪ್ಪನ್ನೇ ಕೊಟ್ಟೆ. ಅಡಿಗೆರೆ ತೆಗೆದೆ. ಮೌಸ್ ಮೇಲೆ ಹೋದರೆ ಬಣ್ಣ ಬದಲಾಗುವ ಸಾಲನ್ನೂ ಅಳಿಸಿದೆ. ಪುಟ ಈಗ ಚೊಕ್ಕಟವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ — ಚೊಕ್ಕಟಕ್ಕಾಗಿಯೇ ಆಗಿದ್ದರೆ ಒಂದು ತಿಳಿ ಬಣ್ಣವನ್ನಾದರೂ ಬಿಡುತ್ತಿದ್ದೆ. ಲಿಂಕನ್ನೇ ಕಿತ್ತುಹಾಕಿದರೆ ನಿಮಗೆ ಗೊತ್ತಾಗುತ್ತಿತ್ತು. ಹೀಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿಯೇ ಮಾಡಿದೆ.

ಆಮೇಲೆ ನೀವು ನಮ್ಮ ಮನೆಗೆ ಬಂದಾಗ ಕೇಳಿದಿರಿ, “ಯಾರೂ ಬರವಲ್ರಲ್ಲವಾ. ಆ ಲಿಂಕ್ ಐತೇನ ಇನ್ನ?”

ನಾನು ಫೋನ್ ತೆಗೆದು, ಆ ಕಪ್ಪು ಪದ ಮುಟ್ಟಿ, ನಿಮ್ಮ ಪುಟ ತೆರೆದು ತೋರಿಸಿದೆ. “ನೋಡ್ರಿ, ಐತಿ.”

“ಹಂಗಾರ ನನ್ನ ಬರಿಯೂದ ಚಂದ ಇಲ್ಲೇನ?”

ಆಗಲಾದರೂ ನಿಜ ಹೇಳಬಹುದಿತ್ತು — ಆದರೆ ನಾನು ಅಂದದ್ದು, “ಈ ಕಡೆ ಕನ್ನಡ ಓದೋರು ಯಾರದಾರ್ರಿ, ಮಾವಶಿ.”

ನೀವು ಚಹಾದ ಕಪ್ ಕೆಳಗಿಟ್ಟು, ಹೌದು ಅನ್ನುವಂತೆ ತಲೆ ಆಡಿಸಿದಿರಿ. ಆಮೇಲೆ ಬರೆಯಲಿಲ್ಲ.

ಮೊನ್ನೆ ಮ್ಹೈಸಾಳಕ್ಕೆ ಬಂದಿದ್ದೆನಲ್ಲ. ನಿಮ್ಮ ಮೊಮ್ಮಗಳು ಪಾಟಿ ಹಿಡಿದು ಪಡಸಾಲೆಗೆ ಬಂದು, “ಆಜಿ, ನನಗ ಕನ್ನಡ ಬರ್ಯಾಕ ಕಲಸ” ಅಂದಳು.

“ಬ್ಯಾಡ ಬಿಡವಾ,” ಅಂದಿರಿ ನೀವು. “ಈ ಕಡೆ ಕನ್ನಡ ಓದೋರು ಯಾರದಾರ?”

ಅದು ನನ್ನದೇ ಮಾತು. ನಾನು ಹುಟ್ಟಿಸಿದ ಸುಳ್ಳು, ನಿಮ್ಮ ಬಾಯಲ್ಲಿ ನಿಮ್ಮ ಅನುಭವವಾಗಿಬಿಟ್ಟಿತ್ತು. ಅದೇ ಪಡಸಾಲೆಯಲ್ಲಿ, ಶಾಲೆಯ ಸೂಟಿಯಲ್ಲಿ ಬರುತ್ತಿದ್ದ, ಮರಾಠಿ ಶಾಲೆಯ ಹುಡುಗಿಯಾದ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ನೀವು — ಇದನ್ನು ಬರೆಯುತ್ತಿರುವುದೂ ಆ ಅಕ್ಷರಗಳಲ್ಲೇ. ನಾಚಿಕೆಯಿಂದ ಬಸ್ಸಿನಲ್ಲಿ ತಲೆ ಎತ್ತದೆ ಮಿರಜಿಗೆ ಬಂದೆ.

ನೀಲಿಯನ್ನು ಇಂದು ಮರಳಿ ಹಾಕಿದ್ದೇನೆ, ಅಡಿಗೆರೆಯನ್ನೂ. ಅದರಿಂದ ಏನೂ ಮರಳಿ ಬರುವುದಿಲ್ಲ. ಮತ್ತೆ ಬರೆಯಿರಿ ಎಂದು ಕೇಳಲು ನನಗೆ ಮುಖವಿಲ್ಲ. ರವಿವಾರ ಬರುತ್ತೇನೆ. ಇದನ್ನು ನಿಮ್ಮೆದುರು ಕೂತು ಓದುತ್ತೇನೆ, ಆ ಮಗುವಿಗೂ ಕೇಳುವಂತೆ. ಆಮೇಲೆ ನೀವು ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ.

ಓದುವವರು ಇದ್ದರು, ಮಾವಶಿ.