ವಿಮಾನಕ್ಕೆ ಬೇಕಾದ ಎಣ್ಣೆ

ಎರಡನೇ ಮಹಾಯುದ್ಧಕ್ಕೆಂದು ಬ್ರಿಟಿಷ್ ಸರ್ಕಾರ ವಿಮಾನಗಳನ್ನು ಹೆಚ್ಚಿಸಿಕೊಂಡದ್ದಕ್ಕೂ ನಮ್ಮ ಮನೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ನಗು ಬರುವಂಥ ಉತ್ತರವನ್ನೇ ಹೇಳಬೇಕಾಗುತ್ತದೆ: ಗೇರುಬೀಜದ ಸಿಪ್ಪೆ. ಅಮ್ಮ ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಗೇರುಬೀಜ ಒಡೆಯುತ್ತಿದ್ದಳು. ಅಪ್ಪ ತೀರಿಹೋಗಿದ್ದರು. ಬಿಕರ್ನಕಟ್ಟೆಯ ಒಂದೇ ಕೋಣೆಯ ಮನೆಯಲ್ಲಿ ಅಮ್ಮ, ನಾನು, ಆಗಷ್ಟೇ ಮಾತು ಕಲಿಯುತ್ತಿದ್ದ ತಮ್ಮ, ಇಷ್ಟೇ ಜನ.

ಆ ಸಿಪ್ಪೆಯೊಳಗೆ ಒಂದು ಕಪ್ಪು ಎಣ್ಣೆ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಮೊದಲೆಲ್ಲ ಸಿಪ್ಪೆಯನ್ನು ಒಲೆಗೆ ಹಾಕಿ ಉರಿಸುತ್ತಿದ್ದರು. ಯುದ್ಧ ಬಂದ ಮೇಲೆ ಅದಕ್ಕೆ ರಾಜಮರ್ಯಾದೆ. ಆ ಎಣ್ಣೆಯಿಂದ ವಿಮಾನದ ಬಣ್ಣ, ಮಿಲಿಟರಿ ಲಾರಿಯ ಬ್ರೇಕು, ಇನ್ನೂ ಏನೇನೋ ಆಗುತ್ತದಂತೆ. ಬೀಜ ತುಂಬಿದ ಡಬ್ಬಗಳು ಹಡಗಿಗೆ ಕಾಯುತ್ತ ಬಿದ್ದಿರುತ್ತಿದ್ದವು, ಎಣ್ಣೆಯ ಪೀಪಾಯಿಗಳು ಮಾತ್ರ ನಿಲ್ಲದೆ ಹೋಗುತ್ತಿದ್ದವು. ಬೀಜವನ್ನು ಕಾಯಿಸಿ ಎಣ್ಣೆ ಇಳಿಸಿದ ಮೇಲೂ ಸಿಪ್ಪೆಯಲ್ಲಿ ಅಷ್ಟಿಷ್ಟು ಉಳಿಯುತ್ತಿತ್ತು. ಅದು ಒಡೆಯುವವರ ಬೆರಳಿಗೆ.

“ನೀನು ಒಡೆಯುವುದು ಬೀಜ ಅಂತ ಮಾಡಿದ್ದೀಯಾ ಮಾರಾಯ್ತಿ? ಅದು ವಿಮಾನ. ಇನ್ನು ರಜೆ ಗಿಜೆ ಎಂತದೂ ಇಲ್ಲ,” ಎಂದಿದ್ದನಂತೆ ಮೇಸ್ತ್ರಿ. ಅಮ್ಮ ಮನೆಗೆ ಬಂದು ಅವನ ಧ್ವನಿಯಲ್ಲೇ ಹೇಳಿ ನಮ್ಮನ್ನು ನಗಿಸಿದಳು. ವಿಮಾನವನ್ನು ಅವಳು ಒಮ್ಮೆಯೂ ಹತ್ತಿರದಿಂದ ಕಂಡವಳಲ್ಲ.

ಹೆಂಗಸರು ಕೈಗೆ ಬೂದಿ ಉಜ್ಜಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಕೆಲಸ ಹೆಚ್ಚಿದ ಮೇಲೆ ಬೂದಿ ಯಾವ ಮೂಲೆಗೂ ಸಾಲಲಿಲ್ಲ. ಅಮ್ಮನ ಕೈಯ ಚರ್ಮ ಮೊದಲು ಸುಲಿಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ದಪ್ಪಗಟ್ಟಿ ಏನು ಮುಟ್ಟಿದರೂ ತಿಳಿಯದಂತಾಯಿತು. ಕುದಿಯುವ ಗಂಜಿಯ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ತಮ್ಮನನ್ನು ಮೀಯಿಸುವ ನೀರಿನ ಹದ ನೋಡಲು ನನ್ನನ್ನು ಕರೆಯುತ್ತಿದ್ದಳು. “ನಿನ್ನ ಕೈ ಹಾಕಿ ನೋಡು ಮಗಾ, ನನ್ನದು ಈಗ ಸರ್ಕಾರದ್ದು.” ನಾವು ಅದಕ್ಕೂ ನಗುತ್ತಿದ್ದೆವು. ಈಗ ನೆನೆದರೆ ಮೈ ಉರಿಯುತ್ತದೆ. ಆಗ ಏನೂ ಅನ್ನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಬಾವಿಯಿಂದ ನೀರು ಸೇದುತ್ತಿದ್ದೆ. ತಮ್ಮ ಚಾಪೆ ಬಿಟ್ಟು ಏಳಲಿಲ್ಲ. ಅಮ್ಮ ಅವಸರದಲ್ಲಿ ಅವನ ಹಣೆ ಮುಟ್ಟಿ ನೋಡಿ, “ಜ್ವರ ಎಂತದೂ ಇಲ್ಲ, ನಿದ್ದೆ ಬಿಡಲಿಲ್ಲ ಅಷ್ಟೆ,” ಎಂದು ನನಗೆ ಕೂಗಿ ಹೇಳಿ ಹೊರಟಳು. ತಡವಾದರೆ ಕಾರ್ಖಾನೆಯ ಗೇಟು ಹಾಕುತ್ತಿದ್ದರು. ನಾನು ಒಳಗೆ ಬಂದು ಅವನನ್ನು ಎತ್ತಿಕೊಂಡೆ. ಮೈ ಕಾದ ಕಾವಲಿಯಂತಿತ್ತು.

ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾರ್ಖಾನೆಗೆ ಓಡಿದೆ. ಮೇಸ್ತ್ರಿಯೇ ಗೇಟಿಗೆ ಬಂದ. “ಕಾಯಿಸಿದ ಬೀಜ ಹಾಗೇ ಉಂಟು, ಅದೊಂದು ಮುಗಿಯಲಿ, ಕಳಿಸ್ತೇನೆ,” ಎಂದ. ಕೆಟ್ಟವನಲ್ಲ. ನಮ್ಮನ್ನು ನೆರಳಿಗೆ ಕೂರಿಸಿದ, ನೀರು ಕೊಡಿಸಿದ. ಅಮ್ಮ ಹೊರಗೆ ಬರುವಾಗ ಬಿಸಿಲು ನೆತ್ತಿಗೇರಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಜ್ವರ ಯಾವಾಗಿನಿಂದ ಎಂದು ಕೇಳಿದರು.

“ಬೆಳಿಗ್ಗೆ ಇರಲಿಲ್ಲ,” ಎಂದಳು ಅಮ್ಮ.

“ಇತ್ತು ಅಮ್ಮ,” ಎಂದೆ.

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಹೊರಗೆ ತೆಗೆಯಲಿಲ್ಲ, ಮಗುವನ್ನು ನಾನೇ ಹೊತ್ತುಕೊಂಡೆ.

ಔಷಧ ಕೊಟ್ಟು, ಒದ್ದೆ ಬಟ್ಟೆ ಹಾಕುತ್ತಿರಿ, ಬಿಸಿ ಇಳಿದರೆ ಹೆದರಬೇಕಾಗಿಲ್ಲ ಎಂದು ಮನೆಗೆ ಕಳಿಸಿದ್ದರು. ಅಮ್ಮ ಬಟ್ಟೆ ಅದ್ದಿ ಹಣೆಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಪ್ರತಿ ಸಲವೂ ನನ್ನ ಕೈ ಹಿಡಿದು ಅವನ ಕುತ್ತಿಗೆಗೆ ತಾಗಿಸಿ, “ಇಳಿಯಿತಾ?” ಎಂದು ಕೇಳುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ. ಹೊತ್ತು ಕಂತುವಾಗ ಗೋಡೆಗೆ ಒರಗಿದ್ದ ನನಗೆ ಕಣ್ಣು ಹತ್ತಿತು.

ಎಚ್ಚರವಾದಾಗ ಅಮ್ಮ ಬಟ್ಟೆ ಹಾಕುತ್ತಲೇ ಇದ್ದಳು. ನನ್ನ ಕೈ ಎಳೆದು ಅವನ ಕುತ್ತಿಗೆಯ ಮೇಲಿಟ್ಟಳು.

“ಈಗ ಇಳಿಯಿತಾ ಮಗಾ?”

ಕುತ್ತಿಗೆ ತಣ್ಣಗಿತ್ತು. ಬೆರಳಿನ ಕೆಳಗೆ ಏನೂ ಮಿಡಿಯಲಿಲ್ಲ. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ.

“ಇಳಿಯಿತು,” ಎಂದೆ.

ಅಮ್ಮ ದೀರ್ಘವಾಗಿ ಉಸಿರು ಬಿಟ್ಟು, ಎಚ್ಚರವಾದಾಗ ಅವನಿಗೆ ಹಸಿವಾಗುತ್ತದೆ ಎಂದು ಗಂಜಿಗೆ ಒಲೆ ಹಚ್ಚಲು ಎದ್ದಳು.