ಕಾಳು ಕಡಿಯುವ ಖಂಡೆಪ್ಪ

ದೇವಣಗಾಂವದಲ್ಲಿ ಹಗೇವು ತುಂಬುವ ದಿನ ಬಂತೆಂದರೆ ಖಂಡೆಪ್ಪನ ಗತ್ತು ನೋಡಬೇಕು. ಬಿಳಿ ರುಮಾಲು ಸುತ್ತಿ, ಮೂರು ಸಲ ಬಾಯಿ ಮುಕ್ಕಳಿಸಿ, ಬೀಗರ ಮನೆಗೆ ಹೊರಟವನ ಹಾಗೆ ಹೊರಡುತ್ತಿದ್ದ. ನೆಲದೊಳಗೆ ಎರಡಾಳು ಆಳ ತೋಡಿದ ಆ ಕುಣಿಯಲ್ಲಿ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎರಡು ಮೂರು ವರ್ಷ ಚಿಂತೆಯಿಲ್ಲ. ಆದರೆ ಕಾಳು ಒಣಗಿರಬೇಕು. ಹಸಿ ಉಳಿದರೆ ಒಳಗೇ ಕಾವು ಹುಟ್ಟಿ ಎಲ್ಲ ಕೊಳೆತುಹೋಗುತ್ತದೆ. ಖಂಡೆಪ್ಪ ರಾಶಿಯ ನಡುವಿಗೆ ಕೈ ತೂರಿಸಿ ನಾಲ್ಕು ಕಾಳು ತೆಗೆದು ದವಡೆಯಲ್ಲಿಟ್ಟು ಕಡಿಯುತ್ತಿದ್ದ. ಕಟ್ಟೆಂದು ಸಪ್ಪಳ ಬಂದರೆ "ಒಣಗ್ಯಾವ, ತುಂಬ್ರಿ" ಅನ್ನುತ್ತಿದ್ದ. ಬಾರದಿದ್ದರೆ "ಇನ್ನೆರಡು ಬಿಸಲ ಕೊಡ್ರಿ" ಎಂದು ಎದ್ದು ಹೋಗುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ.

ಅವನಿಗಿದ್ದದ್ದು ಮೂರೆಕರೆ ಹೊಲ. ಅಂಥವರು ಊರಲ್ಲಿ ನೂರು ಮಂದಿ, ಅವರನ್ನು ಯಾರು ಕೇಳಬೇಕು? ಖಂಡೆಪ್ಪ ಬಂದರೆ ಮಾತ್ರ ಗೌಡರ ಮನೆಯವರೂ ಎದ್ದು ಕಂಬಳಿ ಹಾಸುತ್ತಿದ್ದರು. ಅದಕ್ಕೆ ಕಾರಣ ಅವನ ಹಲ್ಲು ಎಂಬುದು ಅವನಿಗೂ ಗೊತ್ತಿತ್ತು.

ಅರವತ್ತು ತುಂಬುವ ಹೊತ್ತಿಗೆ ಒಸಡು ಬಾತು ಕೀವು ಬರತೊಡಗಿತು. ಊರಲ್ಲಿ ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ, ಹುರಿದು ಪುಡಿ ಮಾಡಿದ ತಂಬಾಕು. ಖಂಡೆಪ್ಪ ಮುಂಜಾನೆ ಸಂಜೆ ಅದನ್ನೇ ತಿಕ್ಕಿದ. ತಿಕ್ಕಿದಾಗ ನೋವು ಸುಮ್ಮನಾಗುತ್ತಿತ್ತು, ಹಲ್ಲು ಮಾತ್ರ ಇನ್ನಷ್ಟು ಸಡಿಲಾಗುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ಮೂರರ ಸುಗ್ಗಿಗೆ ದವಡೆಯಲ್ಲಿ ಒಂದೂ ಉಳಿಯಲಿಲ್ಲ. ಎದುರಿಗೆ ಕಾಣುವ ಮುಂದಿನ ನಾಲ್ಕು ಹಲ್ಲು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಹಾಳಾದವು, ಅವೂ ಬಿದ್ದಿದ್ದರೆ ಊರಿಗಾದರೂ ತಿಳಿಯುತ್ತಿತ್ತು.

ತಿಳಿದದ್ದು ಹೆಂಡತಿ ಕಸ್ತೂರೆವ್ವನಿಗೆ ಮಾತ್ರ. ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಗೋಡೆಗೆ ಮುಖ ಮಾಡಿ ನುಂಗುತ್ತಿದ್ದ ಗಂಡನನ್ನು ನೋಡಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮದುವೆಯ ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆವ ಹೇಳುತ್ತಿದ್ದ. ಅಂಗಿ ಜೋತುಬಿದ್ದಿತ್ತು.

"ಸೊಲ್ಲಾಪುರಕ್ಕ ಹೋಗಿ ಹಲ್ಲ ಕಟ್ಟಿಸ್ಕೊಂಡ ಬರ್ರಿ," ಅಂದಳು.

"ಕಟ್ಟಿಸಿದ ಹಲ್ಲಿಗೆ ಕಾಳ ತಿಳೀತೈತೇನು? ಕಟ್ಟಿಸ್ಯಾನ ಅಂತ ಗೊತ್ತಾದ್ರ ಯಾರ ಕರೀತಾರ ನನ್ನ?"

ಅವನು ದಡ್ಡನಲ್ಲ. ಕೈಯಿಂದ ಕಾಳಿನ ಕಾವು ನೋಡುವುದನ್ನು ಕಲಿತ. ಕಾಳನ್ನು ಒಸಡಿನ ಸಂದಿಗೆ ಸರಿಸಿ, ಮುಂದಿನ ಹಲ್ಲುಗಳನ್ನೇ ಕುಟ್ಟಿ ಕಟ್ಟೆನಿಸುತ್ತಿದ್ದ. ಮೊದಲ ಎರಡು ಸುಗ್ಗಿ ಹಾಗೇ ಕಳೆದವು. ಎಪ್ಪತ್ತೈದರಲ್ಲಿ ರಾಶಿಯ ಮೇಲೆ ಅಕಾಲದ ಮಳೆ ಬಿತ್ತು. ಮೇಲಿನ ಕಾಳು ಬಿಸಿಲಿಗೆ ಸುಡುತ್ತಿತ್ತು, ಒಳಗಿನ ಹಸಿ ಕೈಗೆ ತಿಳಿಯಲಿಲ್ಲ. ಆ ವರ್ಷವೂ ಅವನು ಮನೆಮನೆಗೆ ಹೋಗಿ "ತುಂಬ್ರಿ" ಅಂದ.

ದಸರೆಯ ಹೊತ್ತಿಗೆ ಬಸಂತರಾಯಗೌಡ ತನ್ನ ಹಗೇವು ತೆಗೆಸಿದ. ನಾತಕ್ಕೆ ಓಣಿಯವರೆಲ್ಲ ಮೂಗು ಮುಚ್ಚಿಕೊಂಡರು. ಜೋಳ ಕಪ್ಪಾಗಿ ಮುದ್ದೆಗಟ್ಟಿತ್ತು. ಖಂಡೆಪ್ಪ ಒಣಗಿದೆ ಅಂದಮೇಲೆ ಕಾಳಿನ ತಪ್ಪು ಇರಲಾರದು. ಹಾಗಾದರೆ ತಪ್ಪು ಹಗೇವಿನ ಒಳಗೆ ಹುಲ್ಲು, ಜೋಳದ ಕಣಿಕೆ ಹೊಂದಿಸಿ ಕಟ್ಟಿದ ಮಲಿಕಸಾಬನದು, ನೀರು ಜಿನುಗಲು ಬಿಟ್ಟಿದ್ದಾನೆ ಎಂದು ಊರು ತೀರ್ಮಾನಿಸಿತು. ಮಲಿಕಸಾಬ ಮೂವತ್ತು ವರ್ಷ ಖಂಡೆಪ್ಪನ ಜೋಡಿ ಕೆಲಸ ಮಾಡಿದವನು. ಖಂಡೆಪ್ಪ ಆ ಗುಂಪಿನಲ್ಲೇ ನಿಂತಿದ್ದ, ತುಟಿ ಬಿಚ್ಚಲಿಲ್ಲ.

ಚಳಿಗಾಲದಲ್ಲಿ ಸಿಂದಗಿಯ ದಾರಿಯಲ್ಲಿ ಮಲಿಕಸಾಬ ರಸ್ತೆಗೆ ಜಲ್ಲಿ ಒಡೆಯುತ್ತ ಕೂತಿದ್ದ. ಹಗೇವು ಕಟ್ಟಲು ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಖಂಡೆಪ್ಪ ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

"ನಿಲ್ಲ, ಖಂಡೆಪ್ಪಣ್ಣ," ಅಂದ ಮಲಿಕಸಾಬ. "ಗೌಡರ ರಾಶಿ ಮುಂದ ನಿನ್ನ ಬಾಯಾಗ ಬಂದ ಸಪ್ಪಳ ಕಾಳಿಂದಲ್ಲ. ಇಷ್ಟ ವರ್ಷ ಬಾಜೂ ನಿಂತೇನಿ, ನನಗ ತಿಳಿಯೂದಿಲ್ಲೇನು?"

ಖಂಡೆಪ್ಪ ತಿರುಗಿ ಅವನ ಎದುರಿಗೆ ಬಂದ. "ಮತ್ಯಾಕ ಸುಮ್ಮನಿದ್ದಿ?"

"ನೀನ ಹೇಳ್ತಿ ಅಂತ ದಾರಿ ನೋಡಿದೆ," ಎಂದು ಅವನು ಮತ್ತೆ ಸುತ್ತಿಗೆ ಎತ್ತಿದ.

ಆ ಮಾತು ಖಂಡೆಪ್ಪನನ್ನು ಮಲಗಗೊಡಲಿಲ್ಲ, ಉಣಗೊಡಲಿಲ್ಲ. ಹಾಗಿದ್ದೂ ಅವನು ಮುಂದಿನ ಸುಗ್ಗಿಯವರೆಗೆ ಬಾಯಿ ಮುಚ್ಚಿಕೊಂಡೇ ಇದ್ದ. ಮನುಷ್ಯನಿಗೆ ಮರ್ಯಾದೆಯ ಆಸೆ ಅಷ್ಟು ಕೆಟ್ಟದ್ದು.

ಎಪ್ಪತ್ತಾರರ ಸುಗ್ಗಿ. ಗೌಡ ಇಂಡಿ ತಾಲೂಕಿನ ಕಡೆಯವನೊಬ್ಬನಿಂದ ಹೊಸ ಹಗೇವು ಕಟ್ಟಿಸಿ ಖಂಡೆಪ್ಪನಿಗೆ ಹೇಳಿಕಳಿಸಿದ. ಕಂಬಳಿ ಹಾಸಿತ್ತು. ಖಂಡೆಪ್ಪ ಕಾಳು ಕೈಗೆ ತೆಗೆದುಕೊಂಡ, ಬಾಯಿಯವರೆಗೂ ತಂದ, ಮತ್ತೆ ರಾಶಿಗೆ ಸುರಿದ.

"ಗೌಡರ, ಮಲಿಕಸಾಬಂದೇನೂ ತಪ್ಪಿಲ್ರಿ. ತಪ್ಪ ನಂದು," ಎಂದು ಎರಡು ಬೆರಳಿನಿಂದ ಕೆನ್ನೆ ಎಳೆದು ಬಾಯಿ ತೆರೆದು ತೋರಿಸಿದ. ಗೌಡ ಬಗ್ಗಿ ನೋಡಿದ. ಕೆಂಪಗೆ ಹುಣ್ಣಾದ ಒಸಡು ಬಿಟ್ಟರೆ ಒಳಗೆ ಏನೂ ಇರಲಿಲ್ಲ.

"ಯಾವಾಗ ಹೋದವು, ಕಾಕಾ?"

"ಮೂರ ವರ್ಷ ಆತ್ರಿ."

ಯಾರೂ ಬೈಯಲಿಲ್ಲ. ರಾಶಿಯ ಆಚೆ ಕಾಳು ಹಸನು ಮಾಡುತ್ತಿದ್ದ ರೇವವ್ವ ಮೊರ ಕೆಳಗಿಟ್ಟಳು. ಗಂಡ ಸತ್ತು, ಮೂರು ಮಕ್ಕಳನ್ನು ಕಟ್ಟಿಕೊಂಡು ಪರರ ಹೊಲದಲ್ಲಿ ದುಡಿಯುವವಳು. ಸಣ್ಣದೊಂದು ಹಗೇವು ಅವಳಿಗೂ ಇತ್ತು.

"ಹ್ವಾದ ಸುಗ್ಗ್ಯಾಗ ನಮ್ಮ ಮನಿಗೂ ನೀವ ಬಂದಿದ್ರೆಲ್ರಿ, ಕಾಕಾ?"

ಖಂಡೆಪ್ಪ ಹೌದೆಂದು ತಲೆ ಆಡಿಸಿದ. ಅವಳು ಓಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಹಗೇವಿನ ಕಡೆ ಓಡಿದರು. ಮಲಿಕಸಾಬನನ್ನು ಕರೆತರಲು ಗೌಡ ಗಾಡಿ ಕಟ್ಟಿಸಿದ.

ಸಂಜೆಯೊಳಗೆ ಹನ್ನೊಂದು ಹಗೇವು ತೆಗೆದರು. ಆರರಲ್ಲಿ ಕಾಳು ನೆಟ್ಟಗಿತ್ತು. ರೇವವ್ವನದು ಕೆಟ್ಟ ಐದರಲ್ಲಿ ಒಂದು. ಮಲಿಕಸಾಬ ಒಳಗಿನ ಗಾಳಿ ಕೆಟ್ಟಿದೆಯೋ ಎಂದು ನೋಡಲು ಕಂದೀಲು ಇಳಿಬಿಟ್ಟು, ಅದು ಆರದೆ ಉಳಿದ ಮೇಲೆ ತಾನೇ ಇಳಿದು ಬುಟ್ಟಿ ತುಂಬಿ ಮೇಲೆ ಕೊಟ್ಟ. ಬುಟ್ಟಿಯಲ್ಲಿದ್ದದ್ದು ಕರೀ ರಾಡಿ. ಹಿಂದೆ ನಿಂತಿದ್ದ ಖಂಡೆಪ್ಪ ಮುಂದೆ ಬಂದು, ತನ್ನ ಮನೆಯ ಜೋಳ ಎಲ್ಲ ಒಯ್ಯಲು ಹೇಳಿದ. ರೇವವ್ವ ಬುಟ್ಟಿಯಿಂದ ಒಂದು ಹಿಡಿ ಎತ್ತಿ ಅವನ ಅಂಗೈಯಲ್ಲಿಟ್ಟಳು.

"ತಿನ್ರಿ, ಕಾಕಾ. ಇದಕ್ಕ ಹಲ್ಲ ಬೇಕಾಗೂದಿಲ್ಲ."

ಖಂಡೆಪ್ಪ ಅದನ್ನು ಬಾಯಿಗೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ನುಂಗಿದ.