ಅಂಜಲ್ ಕೊಟ್ಟು ದಂಡ ಕಟ್ಟಿದ ನೋಣಯ್ಯ

ನೋಣಯ್ಯನ ವಿಷಯ ಹೇಳುವುದಾದರೆ ಮೀನಿನಿಂದಲೇ ಸುರು ಮಾಡಬೇಕು. ಎಪ್ಪತ್ತರ ದಶಕದಲ್ಲಿ ಮಂಗಳೂರಿನ ಬಂದರಿನಿಂದ ಕೇರಳಕ್ಕೆ ಮೀನಿನ ಲಾರಿ ಓಡಿಸುತ್ತಿದ್ದ ಈ ಪುಣ್ಯಾತ್ಮ, ಕ್ಷೌರದವನಿಗೆ ಬಂಗುಡೆ, ಅತ್ತಾವರದ ಡಾಕ್ಟರಿಗೆ ಮಾಂಜಿ, ಮಗಳ ಟೀಚರ್ ಒಲಿಂಡಾಬಾಯಿಗೆ ಕಾಣೆ ಕೊಟ್ಟು ಬದುಕಿದವನು. ಬೇಡವೆಂದವರು ಒಬ್ಬರೂ ಇರಲಿಲ್ಲ. ಹಾಗಾಗಿ ಲೋಕದ ವ್ಯವಹಾರವೆಲ್ಲ ಮೀನಿನಲ್ಲೇ ಚುಕ್ತಾ ಆಗುತ್ತದೆಂದು ಪಾಪ, ನಂಬಿಬಿಟ್ಟಿದ್ದ.

ಒಮ್ಮೆ ಗಡಿಯಾಚೆಯ ಒಂದು ಪೇಟೆಯಲ್ಲಿ, ಲಾರಿಯಿಂದ ಮೀನಿನ ನೀರು ರಸ್ತೆಗೆ ಸುರಿಯಿತೆಂದು ಪೊಲೀಸರು ಕೇಸು ಹಾಕಿದರು. ಅಲ್ಲಿನ ಕೋರ್ಟಿನಲ್ಲಿ ದಂಡ ಕಟ್ಟಬೇಕಿತ್ತು. ನೋಣಯ್ಯ ಮುಂದಿನ ಟ್ರಿಪ್ಪಿನಲ್ಲಿ ತೋಳುದ್ದದ ಅಂಜಲ್ ಮೀನೊಂದನ್ನು ಕೋರ್ಟಿನ ಜವಾನನ ಕೈಗಿತ್ತ. ಜವಾನ ಹಲ್ಲು ಕಿರಿದು ತೆಗೆದುಕೊಂಡ. ಕೇಸು ಮುಗಿಯಿತೆಂದು ಇವನು ಶಿಳ್ಳೆ ಹಾಕುತ್ತಾ ಹೊರಟ.

ಎಲ್ಲಿ ಮುಗಿಯುತ್ತದೆ? ಕೋರ್ಟಿನಿಂದ ಮಂಗಳೂರಿನ ಆರ್‌ಟಿಓ ಆಫೀಸಿಗೆ ಕಾಗದ ಬಂತು. ದಂಡ ಕಟ್ಟಿದ ರಶೀದಿ ತೋರಿಸುವವರೆಗೆ ಲೈಸನ್ಸು ಅಮಾನತು. ಮಳೆಗಾಲ ಮುಗಿಯುತ್ತಾ ಬಂದಿತ್ತು, ಲಾರಿಯ ಧಣಿ ಹಾಶಿಂ ಸಾಹುಕಾರರು ಹೊಸ ಗಾಡಿ ತರಿಸಿದ್ದರು.

"ಅದನ್ನು ನಿನಗೇ ಅಂತ ಇಟ್ಟಿದ್ದೇನೆ ನೋಣಯ್ಯ," ಎಂದರು ಅವರು. "ನೂಲ ಹುಣ್ಣಿಮೆಗೆ ದೋಣಿಗಳು ಮತ್ತೆ ಕಡಲಿಗೆ ಇಳಿಯುವಾಗ ಲೈಸನ್ಸು ಕೈಯಲ್ಲಿ ಇಲ್ಲದಿದ್ರೆ ಡ್ರೈವರ್ ಲೋಕನಾಥನಿಗೆ ಕೊಡ್ತೇನೆ. ಆಮೇಲೆ ಬೇಜಾರು ಮಾಡ್ಬೇಡ ಮಾರಾಯ."

ಆ ಗಾಡಿ ಬಂದಂದಿನಿಂದ ನೋಣಯ್ಯ ನಿದ್ದೆಯಲ್ಲೂ ಗೇರು ಬದಲಿಸುತ್ತಿದ್ದ. ಹೆಂಡತಿ ವಾರಿಜಾಕ್ಷಿ, ಗಂಡ ದಂಡ ಕಟ್ಟಿದ ಕ್ರಮವನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೀರೆ ಬದಲಾಯಿಸಿದಳು.

"ನಾನೂ ಬರ್ತೇನೆ. ಒಬ್ಬರನ್ನೇ ಬಿಟ್ಟರೆ ಜಡ್ಜಿಗೂ ಮೀನು ಕೊಟ್ಟು ಬರುವವರು ನೀವು."

ಇಬ್ಬರೂ ರೈಲು ಹತ್ತಿದರು. ದುಡ್ಡು ಅವಳ ಸೆರಗಿನ ಗಂಟಿನಲ್ಲಿತ್ತು. ಕೋರ್ಟಿನಲ್ಲಿ ದಂಡ ಕಟ್ಟಿ, ರಶೀದಿ ಹಿಡಿದು ಹೊರಗೆ ಬಂದರೆ ಬಾಗಿಲಲ್ಲಿ ಅದೇ ಜವಾನ! ನೋಣಯ್ಯ ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಓಡಿಬಂದು ಕೈ ಹಿಡಿದುಕೊಂಡ. ಅಂಜಲ್ ಸಿಕ್ಕಿದ ದಿನವೇ ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಮನೆಯಲ್ಲಿ ಬಡಿಸಲು ಏನೂ ಇರಲಿಲ್ಲವಂತೆ. ಬಂದವರು ಗಡದ್ದಾಗಿ ಉಂಡು, ಹುಡುಗಿಯನ್ನು ಒಪ್ಪಿಯೇ ಎದ್ದರಂತೆ. ಊಟ ಮಾಡದೆ ಹೋಗಲು ಬಿಡುವುದಿಲ್ಲವೆಂದು ಗಂಡ ಹೆಂಡತಿ ಇಬ್ಬರನ್ನೂ ಮನೆಗೆ ಎಳೆದುಕೊಂಡು ಹೋದ. ಬೂತಾಯಿ ಮೀನಿನ ಸಾರಿನಲ್ಲಿ ಅನ್ನ ಕಲಸುತ್ತಾ ವಾರಿಜಾಕ್ಷಿ ಗಂಡನ ಕಿವಿಯಲ್ಲಿ, "ನಿಮ್ಮ ಅಂಜಲ್ ಹಾಳಾಗ್ಲಿಲ್ಲ ಬಿಡಿ," ಎಂದಳು. ಅವನಿಗೆ ಯಾಕೋ ತುಂಬ ಸಂತೋಷವಾಯಿತು.

ಹುಣ್ಣಿಮೆಯ ಮುನ್ನಾದಿನ ಲೈಸನ್ಸು ಕೈಗೆ ಬಂತು. ಹೊಸ ಲಾರಿಯಲ್ಲಿ ವಾರಿಜಾಕ್ಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದರಿನಿಂದ ಕೊಟ್ಟಾರದವರೆಗೆ ಒಂದು ಸುತ್ತು ಹೊಡೆದ.

ಮೀನು ಹಂಚುವ ಚಾಳಿಯನ್ನು ನೋಣಯ್ಯ ಕಡೆಗೂ ಬಿಡಲಿಲ್ಲ. ಆದರೆ ಗಡಿಯಾಚೆ ಪೊಲೀಸರು ಹಿಡಿದರೆ ಮೊದಲು ದಂಡ ಕಟ್ಟುತ್ತಿದ್ದ, ರಶೀದಿಯನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಇಳಿದು ಹೋಗಿ, ಅವರ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಉಂಟಾ ಎಂದು ವಿಚಾರಿಸಿ, ಒಂದು ಒಳ್ಳೆಯ ಮೀನು ಆರಿಸುತ್ತಿದ್ದ.